ಕನ್ನೆ ಸೊಪ್ಪಿನ ಮೂರನೆಯ ಎಸಳು

ನಾನು ಬಿಟ್ಟುಬಂದ ಕುರ್ಚಿಗೆ ಈಗ ಒಬ್ಬಳು ಹುಡುಗಿ ಬಂದಿದ್ದಾಳೆ. ಮೊನ್ನೆ ಫೋನು ಮಾಡಿ, "ಆಂಟಿ, ನೀವು ಕೊಟ್ಟುಹೋದ ಚಾರ್ಜ್ ಲಿಸ್ಟಲ್ಲಿ ಬೀರು ಎಷ್ಟು, ಬೀಗದ ಕೈ ಎಷ್ಟು ಅಂತ ಮಾತ್ರ ಇದೆ. ಕೆಲಸ ಏನು ಅಂತ್ಲೇ ಬರ್ದಿಲ್ವಲ್ಲ?" ಅಂದಳು. ನನಗೆ ನಗು ಬಂತು. ಮೂವತ್ತೈದು ವರ್ಷ ಮಾಡಿದ ಕೆಲಸವನ್ನು ಯಾವ ಲಿಸ್ಟಿನಲ್ಲಿ ಬರೆಯಲಿ? ಆದರೂ ಹುಡುಗಿ ಕೇಳಿದಳಲ್ಲ ಅಂತ ಕೂತು ಬರೆಯುತ್ತಿದ್ದೇನೆ.

ಹೇಳಿಕೊಳ್ಳುವುದಕ್ಕೆ ಕೆಲಸ ಇಷ್ಟೇ. ಹೊರಗಿನಿಂದ ಬಂದ ಗಿಡವನ್ನು ಬೇರು, ಎಲೆ, ಹೂವಿನ ಸಮೇತ ಹಳೇ ಪೇಪರಿನ ನಡುವೆ ಹರಡಬೇಕು. ಮರದ ಚೌಕಟ್ಟಿನಲ್ಲಿಟ್ಟು ಬೆಲ್ಟಿನಿಂದ ಬಿಗಿಯಬೇಕು, ಅದಕ್ಕೆ ಒತ್ತು ಅನ್ನುತ್ತೇವೆ. ದಿನಾ ಪೇಪರು ಬದಲಾಯಿಸಬೇಕು. ಒಣಗಿದ ಮೇಲೆ ಹುಳ ಹಿಡಿಯದ ಹಾಗೆ ವಿಷದ ನೀರು ಹಚ್ಚಿ, ದಪ್ಪ ಹಾಳೆಗೆ ಅಂಟಿಸಿ, ಬಲಮೂಲೆಯಲ್ಲಿ ಹೆಸರಿನ ಚೀಟಿ ಹಾಕಬೇಕು. ಇಂಥ ಹಾಳೆಗಳನ್ನು ಬೀರುಗಳಲ್ಲಿ ಜೋಡಿಸಿಟ್ಟ ಕೋಣೆಗೆ ಹರ್ಬೇರಿಯಂ ಅನ್ನುತ್ತಾರೆ. ನಮ್ಮಜ್ಜಿ ಮಾತ್ರ ಸಾಯುವವರೆಗೂ ಆ ಹಾಳೆಗಳನ್ನು "ಗಿಡದ ಹಪ್ಪಳ" ಅಂತಲೇ ಕರೆದಳು. "ನಮ್ಮ ಪುಟ್ಟಲಕ್ಷ್ಮಿ ಕಾಲೇಜಲ್ಲಿ ಹಪ್ಪಳ ಒಣಗಿಸ್ತಾಳೆ" ಅಂತ ಮಡಿವಾಳದಲ್ಲಿ ಬೀದಿಯವರಿಗೆಲ್ಲ ಹೇಳುತ್ತಿದ್ದಳು.

ಎಪ್ಪತ್ತರ ದಶಕದ ನಡುವೆ, ಎಸ್ಸೆಸ್ಸೆಲ್ಸಿ ಪಾಸಾದ ನಾನು ಜಯನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನ ಬಾಟನಿ ವಿಭಾಗಕ್ಕೆ ಟೆಂಪರರಿಯಾಗಿ ಸೇರಿದೆ. ವಿಭಾಗದ ಮುಖ್ಯಸ್ಥೆ ಸುಭದ್ರಾ ಮೇಡಂ. ಕಂಚಿ ಕಾಟನ್ ಸೀರೆ, ಕೈಯಲ್ಲಿ ಸದಾ ಗಂಡಸರ ಕೊಡೆ. ಮಳೆಗಲ್ಲ, ಎತ್ತರದ ಕೊಂಬೆ ಬಗ್ಗಿಸುವುದಕ್ಕೆ. ಜಯನಗರದಲ್ಲಿ ಯಾರ ಮನೆ ಕಾಂಪೌಂಡಿನಿಂದ ಯಾವ ಬಳ್ಳಿ ಹೊರಗೆ ಇಣುಕಿದರೂ ಕೊಡೆ ಹಾಕಿ ಎಳೆಯುವುದೇ. ಮನೆಯವರು ಬಂದು ಬೈದರೆ, ಆ ಗಿಡದ ಹೆಸರು, ಹೆಸರಿನ ಅರ್ಥ ಹೇಳಿ ಅವರಿಂದಲೇ ಕಾಫಿ ಕುಡಿದು ಬರುತ್ತಿದ್ದರು.

ಸೇರಿದ ಮೂರನೆಯ ದಿನವೇ ನಾನು ಎಡವಟ್ಟು ಮಾಡಿದೆ. ಕೋಣೆಯ ಮೂಲೆಯಲ್ಲಿ ಹಳೇ ಪೇಪರಿನ ರಾಶಿ ಬಿದ್ದಿತ್ತು. ಚೊಕ್ಕ ಮಾಡಿ ಭೇಷ್ ಅನ್ನಿಸಿಕೊಳ್ಳೋಣ ಅಂತ ಅಷ್ಟನ್ನೂ ಕಾಲೇಜಿನ ಎದುರಿನ ಬೋಂಡಾ ಅಂಗಡಿಯವನಿಗೆ ಕೊಟ್ಟುಬಿಟ್ಟೆ. ಸಂಜೆ ಮೇಡಂ ಬೋಂಡಾ ತರಿಸಿದರು. ಪೊಟ್ಟಣ ಬಿಚ್ಚಿದರೆ ಒಳಗೆ ಬೋಂಡಾದ ಜೊತೆ ಒಂದು ಒಣಗಿದ ಎಲೆ, ಮೇಡಂ ಕೈಬರಹದ ಒಂದು ಚೀಟಿ! ಇನ್ನೂ ವಿಷ ಹಚ್ಚಿರಲಿಲ್ಲ, ಪುಣ್ಯ. ಮೇಡಂ ಬೋಂಡಾ ಕೆಳಗಿಟ್ಟು ಅಂಗಡಿಗೆ ಓಡಿದರು, ನಾನು ಅವರ ಹಿಂದೆ ಓಡಿದೆ. ಚಿಕ್ಕಲಸಂದ್ರದ ಕೆರೆ ಅಂಚಿನಲ್ಲಿ ಎರಡು ವಾರ ಅಲೆದು ತಂದ ಗಿಡಗಳಲ್ಲಿ ಅರ್ಧ ವಾಪಸ್ಸು ಸಿಕ್ಕವು. ಉಳಿದರ್ಧ ಬೋಂಡಾದ ಪೊಟ್ಟಣವಾಗಿ ಜಯನಗರದವರ ಮನೆ ಸೇರಿತ್ತು. ನನ್ನ ಕೆಲಸವೂ ಹೋಯಿತು ಅಂದುಕೊಂಡೆ. ಮೇಡಂ ಹೇಳಿದ್ದು ಇಷ್ಟೇ: "ನಿಂಗೆ ಇವುಗಳ ಹೆಸರು ಗೊತ್ತಿಲ್ಲ, ಅದಕ್ಕೇ ಕಸ ಅನ್ನಿಸ್ತು. ನಾಳೆಯಿಂದ ಹೆಸರು ಕಲಿ."

ಹಾಗೆ ಶುರುವಾಯಿತು ಆ ಪದ್ಧತಿ. ಪ್ರತಿ ಗಿಡಕ್ಕೂ ಶಾಸ್ತ್ರದ ಹೆಸರಿನಲ್ಲಿ ಎರಡು ಪದ. ಮೊದಲನೆಯದು ಕುಲದ ಹೆಸರು, ನಮ್ಮ ಮನೆತನದ ಹೆಸರಿದ್ದ ಹಾಗೆ. ಆ ಕುಲದ ಹೆಸರು ಯಾಕೆ ಬಂತು ಅಂತ ಬಾಯಲ್ಲಿ ಹೇಳಿದ ಮೇಲೆಯೇ ನಾನು ಚೀಟಿ ಬರೆಯಬೇಕು. ಮೇಡಂ ಹತ್ತಿರ ಅರ್ಥಗಳ ಒಂದು ದಪ್ಪ ನೋಟ್‌ಬುಕ್ಕಿತ್ತು. ಬೆಳಿಗ್ಗೆ ಬೀರು ತೆಗೆಯುವ ಮುಂಚೆ ಒಂದು ಹೆಸರು ಒಪ್ಪಿಸಬೇಕು. ಒಪ್ಪಿಸದಿದ್ದರೆ ಬೀಗದ ಕೈ ಸಿಗುತ್ತಿರಲಿಲ್ಲ.

ಮೊದಮೊದಲು ಶನಿಕಾಟ ಅನ್ನಿಸಿತು. ಆಮೇಲೆ ರುಚಿ ಹತ್ತಿತು. ಬಸವನಪಾದದ ಕುಲ ಬೌಹಿನಿಯಾ. ಇಬ್ಬರು ಸಸ್ಯಶಾಸ್ತ್ರಿಗಳು ಅಣ್ಣತಮ್ಮಂದಿರು. ಎಲೆಯೂ ಎರಡು ಭಾಗವಾಗಿ ಬುಡದಲ್ಲಿ ಕೂಡಿಕೊಂಡಿದೆ, ಅದಕ್ಕೆ ಅವರ ಹೆಸರು. ನಮಗೆ ಬಸವನ ಗೊರಸು ಕಂಡ ಕಡೆ ಅವರಿಗೆ ಅಣ್ಣತಮ್ಮ ಕಂಡಿದ್ದಾರೆ. ಗೇಟಿನ ಕಮಾನಿನ ಮೇಲೆ ಗೊಂಚಲು ಗೊಂಚಲು ಬಿಡುವ ರಂಗೂನ್ ಬಳ್ಳಿಯ ಕುಲಕ್ಕೆ ಕ್ವಿಸ್ಕ್ವಾಲಿಸ್ ಅಂತ ಹೆಸರು. ಅದರ ಅರ್ಥ "ಯಾರು? ಎಂಥದ್ದು?" ಮೊದಲು ಪೊದೆಯ ಹಾಗೆ ನಿಂತು ಆಮೇಲೆ ಬಳ್ಳಿಯಾಗಿ ಹತ್ತುವ ಅದರ ನಾಟಕ ನೋಡಿ ಹೆಸರಿಟ್ಟವನಿಗೇ ತಲೆ ಕೆಟ್ಟಿತ್ತಂತೆ. ಗೊಬ್ಬರದ ಗಿಡದ ಗ್ಲಿರಿಸಿಡಿಯಾ ಅಂದರೆ ಇಲಿ ಕೊಲ್ಲುವುದು. ರಂಜೆ ಹೂವಿನ ಮಿಮುಸಾಪ್ಸ್ ಅಂದರೆ ಕೋತಿಯಂತೆ ಕಾಣುವುದು ಅಂದಾಗ ಮಾತ್ರ ನನಗೆ ಸಿಟ್ಟೇ ಬಂತು. "ದೇವ್ರಿಗೆ ಏರ್ಸೋ ಹೂವು ಮೇಡಂ, ಕೋತಿ ಅಂತೀರಲ್ಲ!" ಅಂದೆ. "ನಾನಿಟ್ಟಿದ್ದಲ್ಲಮ್ಮ, ಬೀಗದ ಕೈ ತಗೋ" ಅಂದರು.

ಹೀಗಿರುವಾಗ ಒಂದು ದಿನ ಕನ್ನೆ ಸೊಪ್ಪಿನ ಸರದಿ ಬಂತು. ನಾವು ಮಸ್ಸೊಪ್ಪಿಗೆ ಹಾಕುವ, ನೀಲಿ ಹೂ ಬಿಡುವ ಸೊಪ್ಪು. ಅದರ ಕುಲ ಕೊಮೆಲಿನಾ. ಹಾಲೆಂಡಿನ ಒಂದೇ ಮನೆತನದ ಮೂವರ ನೆನಪಿಗೆ ಇಟ್ಟ ಹೆಸರು. ಇಬ್ಬರು ದೊಡ್ಡ ಸಸ್ಯಶಾಸ್ತ್ರಿಗಳಾದರು. ಮೂರನೆಯವನು ಏನೂ ಸಾಧಿಸದೆ ಮೊದಲೇ ತೀರಿಕೊಂಡ. ಹೂವಿನಲ್ಲೂ ಹಾಗೆಯೇ: ಎರಡು ಎಸಳು ಅಗಲ, ಮೂರನೆಯದು ಸಣ್ಣದು, ಪೆಚ್ಚು. ಈ ಕತೆ ಸ್ಟಾಫ್ ರೂಮಿಗೆ ಹೋಯಿತು. ನಮ್ಮ ವಿಭಾಗದಲ್ಲಿ ಇದ್ದದ್ದು ಮೂರೇ ಜನ, ಮೇಡಂ, ಇನ್ನೊಬ್ಬರು ಲೆಕ್ಚರರ್ ಮತ್ತು ನಾನು. ಯಾರೋ, "ಹಾಗಾದ್ರೆ ನಿಮ್ಮ ಮೂರನೇ ಎಸಳು ಪುಟ್ಟಲಕ್ಷ್ಮಿ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಲ್ಲಿ ಅತ್ತೆ. ಸುಳ್ಳು ಯಾಕೆ ಹೇಳಲಿ, ತುಂಬಾ ನೋವಾಗಿತ್ತು.

ಪ್ರಾಕ್ಟಿಕಲ್ ಕ್ಲಾಸಿಗೆ ಹಸಿ ಗಿಡ ತಂದುಕೊಡುತ್ತಿದ್ದವಳು ಚಿಕ್ಕಲಸಂದ್ರದ ಮುನಿಯಮ್ಮ. ಸೊಪ್ಪು ಮಾರುವವಳು. ಬೆಳಿಗ್ಗೆ ಕಾಲೇಜಿನ ಗೇಟಿನ ಹತ್ತಿರ ಕುಕ್ಕೆ ಇಳಿಸಿ, ನನ್ನ ಲಿಸ್ಟಿನ ಗಿಡಗಳನ್ನು ಬೇರೆ ಕಟ್ಟಿಟ್ಟಿರುತ್ತಿದ್ದಳು. ನಾನು ಕಲಿತ ಹೆಸರನ್ನೆಲ್ಲ ಅವಳಿಗೆ ಹೇಳಿ ಹೆಚ್ಚುಗಾರಿಕೆ ತೋರಿಸುತ್ತಿದ್ದೆ. ಬಸಳೆ ಕುಲದ ಹೆಸರು ಬಸೆಲ್ಲಾ, ನಮ್ಮ ಕರಾವಳಿ ಕಡೆಯ ಮಾತಿನಿಂದಲೇ ಹೋದದ್ದು ಅಂದಾಗ ಕಣ್ಣು ಕಿರಿದು ಮಾಡಿ, "ಅಂಗಾದ್ರೆ ಅವ್ರೇನ್ ಕಂಡಿಡುದ್ರು ಲಕ್ಷ್ಮವ್ವ? ನಮ್ ಬಸ್ಳೇಗೆ ಒಂದ್ ಬಾಲ ಕಟ್ಟವ್ರೆ, ಅಷ್ಟೇಯ" ಅಂದಿದ್ದಳು.

ಅವಳ ಮಗಳು ರತ್ನ ನಮ್ಮ ಕಾಲೇಜಿನಲ್ಲೇ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಮಾತು ಕಮ್ಮಿ, ಕಣ್ಣು ಚುರುಕು. ಮುಂದೆ ಬಿ.ಎಡ್. ಮಾಡಿ ಟೀಚರ್ ಆಗಬೇಕು ಅನ್ನುವುದು ಅವಳ ಆಸೆ. ಅವಳ ಅಣ್ಣಂದಿರು ಮಾತ್ರ "ಒಂದ್ಸಲ ಫೇಲಾಗ್ಲಿ, ಓದು ನಿಲ್ಸಿ ಮದ್ವೆ ಮಾಡೋಣ" ಅಂತ ಕಾದಿದ್ದರು. ಮುನಿಯಮ್ಮ ಇದನ್ನೆಲ್ಲ ಗೇಟಿನ ಹತ್ತಿರ ಕೂತು ನನಗೆ ಹೇಳುತ್ತಿದ್ದಳು. ಇತ್ತ ನಂದೂ ಒಂದು ಚಿಂತೆ ಇತ್ತು. ಆ ವರ್ಷವೇ ನನ್ನ ಕೆಲಸ ಖಾಯಂ ಆಗಬೇಕಿತ್ತು, ಕಾಗದ ಆಗಲೇ ಮೇಲೆ ಹೋಗಿತ್ತು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಬೆಳಿಗ್ಗೆ ಒಂದು ಬ್ಯಾಚು, ಮಧ್ಯಾಹ್ನ ಒಂದು. ಟೇಬಲ್ಲಿನ ಮೇಲೆ ನಂಬರ್ ಹಾಕಿ ಗಿಡಗಳನ್ನು ಇಡುತ್ತೇವೆ, ಸ್ಪಾಟರ್ ಅನ್ನುತ್ತಾರೆ. ಹುಡುಗಿಯರು ಒಂದೊಂದರ ಮುಂದೆ ನಿಂತು ನೋಡಿ, ಹೆಸರು ಮತ್ತು ಕಾರಣ ಬರೆಯಬೇಕು. ಏಳನೆಯ ನಂಬರ್ ಕೊಮೆಲಿನಾ. ಮುನಿಯಮ್ಮ ಬೆಳಿಗ್ಗೆ ಇಬ್ಬನಿ ಆರದ ಸೊಪ್ಪು ತಂದಿದ್ದಳು, ಹೂ ಚೆನ್ನಾಗಿ ಅರಳಿತ್ತು.

ಈಗ ಸೇರುವ ಮಕ್ಕಳೇ, ಇದನ್ನು ಬರೆದಿಟ್ಟುಕೊಳ್ಳಿ. ಕನ್ನೆ ಸೊಪ್ಪಿನ ಹೂವನ್ನು ಮಧ್ಯಾಹ್ನದ ಬ್ಯಾಚಿಗೆ ನಂಬಬೇಡಿ. ಬಿಸಿಲೇರಿದ ಮೇಲೆ ಅದು ಬಾಡುವುದಿಲ್ಲ, ಕರಗುತ್ತದೆ. ನಾನು ಊಟಕ್ಕೆ ಮುಂಚೆ ಬಂದು ನೋಡುತ್ತೇನೆ, ಹೂವಿದ್ದ ಕಡೆ ಒಂದು ನೀಲಿ ಹನಿ. ಮೇಡಂ ಎರಡು ಸಲ ಕೇಳಿದ್ದರು, "ಮಧ್ಯಾಹ್ನಕ್ಕೆ ಬೇರೆ ಗಿಡ ರೆಡಿ ಇದ್ಯಾ?" ಅಂತ. ಎರಡು ಸಲವೂ "ಎಲ್ಲಾ ಇದೆ ಮೇಡಂ" ಅಂದಿದ್ದೆ. ಕ್ಯಾಂಟೀನಿನ ಹಿಂದೆ ಸೋರುವ ನಲ್ಲಿಯ ಚರಂಡಿ ಪಕ್ಕ ಕನ್ನೆ ಸೊಪ್ಪು ಬೆಳೆದಿದ್ದು ನೆನಪಾಗಿ ಓಡಿದೆ. ಎಲ್ಲಾ ಹೂವೂ ಕರಗಿದ್ದವು. ಆದರೆ ಆ ಹುಲ್ಲಿನ ನಡುವೆ ಅದೇ ಥರದ ದಂಟು, ಅದೇ ಥರದ ಎಲೆ, ಮೇಲೆ ನೇರಳೆ ಬಣ್ಣದ ಪುಟ್ಟ ಹೂ ಕಂಡಿತು. ದೇವರೇ ಕಾಪಾಡಿದ ಅಂದುಕೊಂಡು ಒಂದು ಹಿಡಿ ಕಿತ್ತು ತಂದೆ. ಒಂದು ಕಡ್ಡಿಯನ್ನು ಏಳನೆಯ ನಂಬರಿಗೆ ಇಟ್ಟೆ. ಈ ಕೋಣೆಗೆ ಬಂದ ಪ್ರತಿ ಗಿಡದ ಒಂದು ಕಡ್ಡಿಯಾದರೂ ಒತ್ತಿಗೆ ಹೋಗಲೇಬೇಕು ಅಂತ ಮೇಡಂ ಕಟ್ಟಪ್ಪಣೆ. ಬೋಂಡಾ ಪ್ರಸಂಗದ ಮೇಲೆ ಬಂದ ಅಪ್ಪಣೆ ಅದು. ಹಾಗಾಗಿ ಉಳಿದ ಕಡ್ಡಿಗಳನ್ನು ನೋಡದೆಯೇ ಪೇಪರಿನಲ್ಲಿಟ್ಟು ಬಿಗಿದೆ.

ಸಂಜೆ ವೈವಾ, ಅಂದರೆ ಬಾಯಲ್ಲಿ ಕೇಳುವ ಪ್ರಶ್ನೆ. ಹೊರಗಿನಿಂದ ಬಂದ ಎಕ್ಸಾಮಿನರ್ ಸ್ವಲ್ಪ ವಯಸ್ಸಾದವರು, ದಣಿದಿದ್ದರು. ನಾನು ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದೆ. ಸ್ಪಾಟರ್‌ಗಳೆಲ್ಲ ಅಷ್ಟು ಹೊತ್ತಿಗೆ ಹುಡುಗಿಯರ ಕೈಯಲ್ಲಿ ನುರಿದು ಬುಟ್ಟಿ ಸೇರಿದ್ದವು.

"ಏಳನೇದು ಏನಮ್ಮ?" ಅಂತ ಅವರು ಮಧ್ಯಾಹ್ನದ ಬ್ಯಾಚಿನಲ್ಲಿದ್ದ ರತ್ನಳನ್ನು ಕೇಳಿದರು.

"ಅನೈಲೀಮಾ, ಸಾರ್."

"ಕೊಮೆಲಿನಾ! ಇಡೀ ಬ್ಯಾಚು ಬರ್ದಿದೆ, ನೀನೊಬ್ಳು ಬೇರೆ."

"ಸಾರ್, ಕನ್ನೆ ಸೊಪ್ಪಿಗೆ ಹೂವಿನ ಕೆಳಗೆ ಮೊಗ್ಗು ಮುಚ್ಚೋ ಕುಲಾವಿ ಥರ ಎಲೆ ಇರತ್ತೆ, ಇದಕ್ಕೆ ಇರ್ಲಿಲ್ಲ. ಎಸಳು ಮೂರೂ ಒಂದೇ ಸಮ ಇತ್ತು. ನಮ್ಮನೇಲಿ ದಿನಾ ಕನ್ನೆ ಸೊಪ್ಪು ಬಿಡಿಸ್ತೀನಿ ಸಾರ್. ಅದು ಅದಲ್ಲ."

"ಸೊಪ್ಪು ಬಿಡ್ಸೋದು ಬೇರೆ, ಬಾಟನಿ ಬೇರೆ. ಎಕ್ಸಾಮಿನರ್ ನಾನೋ ನೀನೋ?" ಅಂದು, ಅವಳ ಹೆಸರಿನ ಮುಂದೆ ಏನೋ ಗೀಚಿ, ಹೋಗು ಅಂದರು. ಸ್ಪಾಟರೂ ಹೋಯಿತು, ವೈವಾವೂ ಹೋಯಿತು. ಎರಡರ ಅಂಕವೂ ಹೋದ ಮೇಲೆ ಅವಳು ಪಾಸಾಗುವ ಹಾಗಿರಲಿಲ್ಲ. ನಾನು ಟ್ರೇ ಹಿಡಿದುಕೊಂಡು, ಈ ಹುಡುಗಿಗೆ ಇಷ್ಟು ಹಠ ಯಾಕೆ ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಮಾರನೆಯ ಬೆಳಿಗ್ಗೆ ಎಂದಿನಂತೆ ಪೇಪರು ಬದಲಾಯಿಸಲು ಒತ್ತು ಬಿಚ್ಚಿದೆ. ಅರಳಿದ್ದಾಗಲೇ ಒತ್ತಿಗೆ ಬಿದ್ದಿದ್ದರಿಂದ ಹೂ ಹಾಗೇ ಉಳಿದಿತ್ತು. ಮೂರು ಎಸಳು, ಮೂರೂ ಒಂದೇ ಅಳತೆ. ಕೆಳಗೆ ಕುಲಾವಿ ಇಲ್ಲ. ಅನೈಲೀಮಾ ಅಂದರೆ ಗ್ರೀಕಿನಲ್ಲಿ ಹೊದಿಕೆ ಇಲ್ಲದ್ದು. ಅದನ್ನು ಬೀಗದ ಕೈಗಾಗಿ ನಾನೇ ಒಪ್ಪಿಸಿದ್ದೆ, ಎರಡೇ ತಿಂಗಳ ಹಿಂದೆ. ಬಾಯಲ್ಲಿ ಒಪ್ಪಿಸಿದ್ದು ಕಣ್ಣಿಗೆ ಇಳಿದಿರಲಿಲ್ಲ.

ಅಂಕಪಟ್ಟಿ ಅಂದು ಸಂಜೆ ಸೀಲಾಗಿ ಹೋಗುವುದಿತ್ತು. ಆ ಪೇಪರನ್ನು ಮುದುರಿ ಬುಟ್ಟಿಗೆ ಹಾಕಿದ್ದರೆ ಪ್ರಪಂಚದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅರ್ಧ ಗಂಟೆ ಅದನ್ನೇ ಯೋಚಿಸಿದೆ ಅಂತ ಒಪ್ಪಿಕೊಳ್ಳುತ್ತೇನೆ. ಆಮೇಲೆ ಆ ದಿನದ ಗಿಡ ತರಲು ಗೇಟಿಗೆ ಹೋದೆ. ಮುನಿಯಮ್ಮ ಕುಕ್ಕೆ ಇಳಿಸಿರಲಿಲ್ಲ, ಹೊತ್ತುಕೊಂಡೇ ನಿಂತಿದ್ದಳು.

"ಲಕ್ಷ್ಮವ್ವ, ನಿನ್ನೆ ನಾನ್ ತಂದಿದ್ದು ಕನ್ನೆ ಸೊಪ್ಪೇ ತಾನೆ?" ಅಂದಳು. "ನನ್ ಮಗ್ಳು ಉಂಡಿಲ್ಲ ಕಣವ್ವ. ಅದು ಕನ್ನೆ ಸೊಪ್ಪಲ್ಲ ಅಂತವ್ಳೆ. ನಲ್ವತ್ತು ವರ್ಸದಿಂದ ಕೀಳ್ತಿವ್ನಿ, ನಂಗೇ ಕಣ್ ತಪ್ತಾ? ನನ್ನಿಂದ್ಲೇ ಮಗಾ ಫೇಲಾಯ್ತಾ?"

ನನ್ನ ತಪ್ಪನ್ನು ಈಕೆ ತಲೆ ಮೇಲೆ ಹೊತ್ತು ನಿಂತಿದ್ದಾಳೆ. "ನಿಂದು ಸರಿಯಾಗೇ ಇತ್ತು ಮುನಿಯಮ್ಮ, ಇಲ್ಲೇ ಇರು" ಅಂದು ಒಳಗೆ ಬಂದೆ. ಪೇಪರು ಹಿಡಿದು ಸೀದಾ ಮೇಡಂ ರೂಮಿಗೆ ಹೋದೆ. ಎಕ್ಸಾಮಿನರೂ ಅಲ್ಲೇ ಕೂತು ಅಂಕ ಕೂಡುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ.

ಮೇಡಂ ಲೆನ್ಸ್ ತೆಗೆದು ಹೂವನ್ನು ಬಹಳ ಹೊತ್ತು ನೋಡಿದರು. ಎಕ್ಸಾಮಿನರ್ ಮುಖ ಕೆಂಪಾಯಿತು. "ಏನ್ರೀ ಇದು, ಪರೀಕ್ಷೆ ಅಂದ್ರೆ ಹುಡುಗಾಟಾನಾ? ಈಕೆ ಮೇಲೆ ರಿಪೋರ್ಟ್ ಹೋಗ್ಬೇಕು" ಅಂದರು.

"ಹೋಗತ್ತೆ ಸಾರ್, ನಾನೇ ಬರೀತೀನಿ," ಅಂದರು ಮೇಡಂ. "ಆದ್ರೆ ಇವಳು ನೋಡ್ಲಿಲ್ಲ. ನಾನೂ ನೋಡ್ಲಿಲ್ಲ. ನೀವೂ ನೋಡ್ಲಿಲ್ಲ. ನೋಡಿದ್ದು ಆ ಹುಡುಗಿ ಒಬ್ಳೇ."

ಎಕ್ಸಾಮಿನರನ್ನು ಕೆಟ್ಟವರು ಅನ್ನಲಾರೆ. ರತ್ನಳನ್ನು ಕರೆಸಿದರು, ಮತ್ತೆ ವೈವಾ ಮಾಡಿದರು. ಕೊನೆಗೆ, "ಕುಲಾವಿ ಅನ್ನೋ ಮಾತು ಚೆನ್ನಾಗಿದೆ ಕಣಮ್ಮ, ನಾನೂ ಪಾಠದಲ್ಲಿ ಹೇಳ್ತೀನಿ" ಅಂದರು. ಆ ಪ್ರಶ್ನೆಗೆ ಎಲ್ಲರಿಗೂ ಅಂಕ ಕೊಟ್ಟರು. ಬೆಳಗಿನ ಬ್ಯಾಚಿನವರು ಹೇಳಿದ್ದನ್ನು ಕಣ್ಣುಮುಚ್ಚಿ ಬರೆದವರಿಗೂ ಅಷ್ಟೇ, ನೋಡಿ ಬರೆದವಳಿಗೂ ಅಷ್ಟೇ. ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಇರಲಿ, ರತ್ನ ಪಾಸಾದಳು. ಬಿ.ಎಡ್. ಮುಗಿಸಿ ಬನಶಂಕರಿಯ ಒಂದು ಹೈಸ್ಕೂಲಿನಲ್ಲಿ ಟೀಚರ್ ಆದಳು.

ಮೇಡಂ ಮಾತಿನಂತೆ ರಿಪೋರ್ಟ್ ಬರೆದರು. "ತಪ್ಪು ನಿಂದು, ಅದನ್ನ ಬರ್ದಿದೀನಿ. ಬಂದು ಹೇಳಿದ್ದೂ ನೀನೇ, ಅದನ್ನೂ ಬರ್ದಿದೀನಿ" ಅಂದರು. ಖಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು. ಆಮೇಲೆ ಆ ಒಣಗಿದ ಗಿಡವನ್ನು ಹಾಳೆಗೆ ಅಂಟಿಸು ಅಂದರು. ಚೀಟಿಯಲ್ಲಿ ಅನೈಲೀಮಾ ಅಂತ ಬರೆದೆ. ಕೆಳಗೆ "ಸಂಗ್ರಹಿಸಿದವರು" ಅನ್ನುವ ಜಾಗ ಖಾಲಿ ಬಿಟ್ಟೆ, ಅಲ್ಲಿ ಯಾವಾಗಲೂ ಲೆಕ್ಚರರ್‌ಗಳ ಹೆಸರೇ ಇರುತ್ತಿತ್ತು.

"ಯಾರು ಕಿತ್ತಿದ್ದು?" ಅಂದರು ಮೇಡಂ.

"ನಾನೇ ಮೇಡಂ."

"ಮತ್ತೆ? ಬರಿ ನಿನ್ನ ಹೆಸರು."

ಹೀಗೆ ನನ್ನ ಹೆಸರಿನ ಮೊದಲ ಹಾಳೆ ನನ್ನ ತಪ್ಪಿನ ಹಾಳೆ. ಹಲವು ವರ್ಷ ಆ ಬೀರು ತೆಗೆಯುವಾಗಲೆಲ್ಲ ಅದನ್ನು ಕಂಡರೆ ಮುಖ ತಿರುಗಿಸುತ್ತಿದ್ದೆ. ಅಷ್ಟರಲ್ಲಿ ಕೆಲಸ ಬಹಳ ಬದಲಾಯಿತು. ಕೈಬರಹದ ಚೀಟಿ ಹೋಗಿ ಟೈಪ್ ಬಂತು. ವಿಷದ ನೀರು ಕೈ ಸುಡುತ್ತೆ ಅಂತ ನಿಲ್ಲಿಸಿ ನುಸಿಗುಳಿಗೆ ಹಾಕತೊಡಗಿದೆವು. ಗಿಡ ಕೀಳಲು ಹೋಗುತ್ತಿದ್ದ ಜೆ.ಪಿ. ನಗರದ ಹೊಲಗಳಲ್ಲಿ ಸೈಟುಗಳ ಕಲ್ಲು ಎದ್ದವು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಹೊಸ ಪುಸ್ತಕಗಳನ್ನು ನೋಡಿಕೊಂಡು ಹಳೇ ಹೆಸರುಗಳನ್ನು ತಿದ್ದುವ ಕೆಲಸ ಹಿಡಿದೆವು. ಹಳೇ ಚೀಟಿ ತೆಗೆಯುವ ಹಾಗಿಲ್ಲ, ಅದರ ಮೇಲುಗಡೆ ಹೊಸ ಹೆಸರಿನ ಸಣ್ಣ ಚೀಟಿ ಅಂಟಿಸಬೇಕು. ನನ್ನ ಹಾಳೆಯ ಸರದಿ ಬಂತು. ಚರಂಡಿಯ ಆ ಗಿಡ ಈಗ ಅನೈಲೀಮಾ ಅಲ್ಲ, ಮುರ್ಡಾನಿಯಾ. ಮೇಡಂ ನೋಟ್‌ಬುಕ್ಕು ತಿರುವಿದರು, ಅರ್ಥ ಇರಲಿಲ್ಲ. ಅರ್ಥವಿಲ್ಲದೆ ಚೀಟಿ ಇಲ್ಲ. ಯಾರಿಗೋ ಕಾಗದ ಬರೆದರು. ಒಂದು ತಿಂಗಳು ಆ ಹಾಳೆ ಮೇಜಿನ ಮೇಲೇ ಕಾಯುತ್ತಾ ಬಿದ್ದಿತ್ತು.

ಉತ್ತರ ಒಂದು ಕಾರ್ಡಿನಲ್ಲಿ ಬಂತು. ಮೇಡಂ ಅದನ್ನು ಓದಿ, ಕನ್ನಡಕ ತೆಗೆದು, ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅವರ ಎದುರು ನಾನು ಕೂತಿದ್ದು ಅದೇ ಮೊದಲು.

"ಕೇಳು ಲಕ್ಷ್ಮಿ. ಇದು ಒಬ್ಬ ಮುನ್ಷಿಯ ಹೆಸರು. ನೂರೈವತ್ತು ವರ್ಷದ ಹಿಂದೆ ಉತ್ತರದ ಕಡೆ ಒಂದು ದೊಡ್ಡ ತೋಟ ಇತ್ತು. ಅಲ್ಲಿ ಗಿಡ ಕಿತ್ತು ತಂದು, ಒಣಗಿಸಿ, ಅಂಟಿಸಿ, ಹಾಳೆಗಳನ್ನ ಕಾಯ್ತಿದ್ದನಂತೆ. ದೊರೆ ಅಲ್ಲ, ಪ್ರೊಫೆಸರ್ ಅಲ್ಲ. ನಿನ್ನ ಕೆಲಸ ಮಾಡ್ತಿದ್ದವನು."

ಇಷ್ಟು ವರ್ಷ ಎಷ್ಟು ಕುಲಗಳ ಹೆಸರು ಬರೆದಿದ್ದೆ. ರಾಜವೈದ್ಯರು, ಪಾದ್ರಿಗಳು, ಪಂಡಿತರು, ಅವರ ಗೆಳೆಯರು. ಬೀರುವಿನ ಕೀಲಿ ಇಟ್ಟುಕೊಂಡವನ ಹೆಸರು ಇದೇ ಮೊದಲು ಕಂಡದ್ದು. ಅದೂ ಕನ್ನೆ ಸೊಪ್ಪಿನ ಬಳಗದಲ್ಲೇ. ಟೈಪ್ ಮಾಡಲಿಲ್ಲ, ಕೈಯಲ್ಲೇ ಬರೆದು ಅಂಟಿಸಿದೆ. ಮುಖ ತಿರುಗಿಸುತ್ತಿದ್ದ ಹಾಳೆಯನ್ನು ಅವತ್ತು ಇಡೀ ಮಧ್ಯಾಹ್ನ ಮುಂದೆ ಇಟ್ಟುಕೊಂಡು ಕೂತಿದ್ದೆ.

ಮಾರನೆಯ ದಿನ ಗೇಟಿನಲ್ಲಿ ಮುನಿಯಮ್ಮನಿಗೆ ಹೇಳಿದೆ. ಅವಳು ಕುಕ್ಕೆ ಇಳಿಸಿ ಕೈ ಕೊಡವಿಕೊಂಡು, "ನಿನ್ನಂಗೆ ಹಪ್ಪಳ ಒಣಗ್ಸೋನ ಹೆಸ್ರಾ? ಅಯ್ಯೋ ನನ್ನವ್ವ, ಇಷ್ಟ್ ವರ್ಸ ಕಳೆ ಅಂತ ಕಿತ್ ಬಿಸಾಕ್ತಿದ್ನಲ್ಲ!" ಅಂದಳು. ಅಂದಿನಿಂದ ಕನ್ನೆ ಸೊಪ್ಪಿನ ಕಟ್ಟಿನೊಳಗೆ ಆ ಗಿಡ ಸಿಕ್ಕಿದರೆ ಬೇರೆ ತೆಗೆದಿಟ್ಟು, "ತಗೋ ಲಕ್ಷ್ಮವ್ವ, ನಿನ್ ಗಿಡ" ಅಂತ ಕೊಡುತ್ತಿದ್ದಳು.

ನನ್ನ ಕುರ್ಚಿಗೆ ಬಂದಿರುವ ಹುಡುಗಿಗೆ ಹೇಳುವುದು ಇಷ್ಟೇ ಕಣಮ್ಮ. ಕಿಟಕಿ ಪಕ್ಕದ ಬೀರು, ಮೇಲಿನಿಂದ ಎರಡನೆಯ ಅರೆ. ಎರಡು ಚೀಟಿ ಇರುವ ಒಂದು ಹಳೇ ಹಾಳೆ ಇದೆ, ಕೆಳಗೆ ನನ್ನ ಹೆಸರಿದೆ. ಅದರ ಪಕ್ಕದಲ್ಲೇ ಕನ್ನೆ ಸೊಪ್ಪಿನ ಹಾಳೆ ಇದೆ, ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಲೆನ್ಸ್ ಹಾಕಿ ನೋಡು. ಕನ್ನೆ ಸೊಪ್ಪಿನಲ್ಲಿ ಮೂರನೆಯ ಎಸಳು ಸಣ್ಣದು. ನಮ್ಮದರಲ್ಲಿ ಮೂರೂ ಒಂದೇ ಸಮ ಇವೆ.